ಪಾಲು ಕೇಳುವ ತಂಗಿ

"ತಂಗಿ ಪಾರ್ಟಾ ಸಾರ್? ಅಳೋ ತಂಗೀನಾ, ಸಾಯೋ ತಂಗೀನಾ?"

ಹಾಸನದಿಂದ ಫೋನಿನಲ್ಲಿ ಆ ಕಲಾವಿದೆ ಕೇಳಿದ ಮೊದಲ ಪ್ರಶ್ನೆ ಇದು. ನಾನು ನಮ್ಮೂರಿನ ನಾಟಕ ತಂಡದ ಪರವಾಗಿ, ಅದಕ್ಕಿಂತ ಹೆಚ್ಚಾಗಿ ಆ ನಾಟಕ ಬರೆದ ಮಹಾನುಭಾವನಾಗಿ, ಗಂಟಲು ಸರಿಮಾಡಿಕೊಂಡು ಹೇಳಿದೆ: "ಎರಡೂ ಅಲ್ಲಮ್ಮ. ಇದು ಕೇಳೋ ತಂಗಿ."

"ಏನ್ ಕೇಳ್ತಾಳೆ?"

"ಪಾಲು. ಅಣ್ಣನ ಹತ್ರ ಆಸ್ತೀಲಿ ಪಾಲು ಕೇಳ್ತಾಳೆ."

ಆಕೆ ಬಹಳ ಮರ್ಯಾದೆಯಿಂದ ಹೇಳಿದಳು: "ಹಂಗಾದ್ರೆ ಅದು ತಂಗಿ ಪಾರ್ಟಲ್ಲ ಸಾರ್, ಲೇಡಿ ವಿಲನ್ನು. ಅದನ್ನ ಮಾಡೋರು ಬೇರೆ ಇದಾರೆ. ನಂಬರ್ ಕೊಡ್ಲಾ?"

ನಮ್ಮ ಕಡೆಯ ನಾಟಕ ನೋಡದವರಿಗೆ ಇದು ತಮಾಷೆ ಅನ್ನಿಸಬಹುದು. ಕುಂದೂರಿನಲ್ಲಾಗಲಿ ಮಗ್ಗೆ ಕಡೆಯಾಗಲಿ, ಊರವರು ಸೇರಿ ಸಾಮಾಜಿಕ ನಾಟಕ ಆಡುವಾಗ ಗಂಡು ಪಾತ್ರಗಳೆಲ್ಲ ಊರಿನ ಗಂಡಸರದು. ಹೆಣ್ಣು ಪಾತ್ರಗಳಿಗೆ ಮಾತ್ರ ಪೇಟೆಯಿಂದ ಕಲಾವಿದೆಯರು ಬರುತ್ತಾರೆ. ಗಂಡಸರು ಎರಡು ತಿಂಗಳು ತಾಲೀಮು ಮಾಡುತ್ತಾರೆ. ಆ ಹೆಂಗಸರು ನಾಟಕದ ದಿನ ಬೆಳಗ್ಗೆ ಬಸ್ಸಿಳಿದು, ತಿಂಡಿ ತಿಂದು, ಪುಸ್ತಕವನ್ನು ಒಂದು ಸಲ ತಿರುವಿ ಹಾಕಿ ಬಣ್ಣ ಹಚ್ಚಲು ಕೂರುತ್ತಾರೆ. ಎರಡು ತಿಂಗಳು ಕಲಿತ ನಾವು ಮಾತು ಮರೆತು ಪರದೆಯ ಕಡೆ ಕಣ್ಣು ಹೊರಳಿಸುವಾಗ ನಮ್ಮನ್ನು ದಡ ಸೇರಿಸುವವರೂ ಅವರೇ. ತಂಗಿಯ ಪಾತ್ರ ಎಲ್ಲ ನಾಟಕದಲ್ಲೂ ಒಂದೇ ಥರ. ಮೊದಲ ಅಂಕದಲ್ಲಿ ಹೂ ಮುಡಿದು ಓಡಾಡುತ್ತಾಳೆ, ಎರಡನೆಯದರಲ್ಲಿ ಅಳುತ್ತಾಳೆ, ಮೂರನೆಯದರಲ್ಲಿ ಸಾಯುತ್ತಾಳೆ ಇಲ್ಲವೇ ಅಣ್ಣನ ಕಾಲಿಗೆ ಬೀಳುತ್ತಾಳೆ. ಈ ಕಲಾವಿದೆಗೆ ನಲವತ್ತು ದಾಟಿತ್ತು. ಇಪ್ಪತ್ತು ವರ್ಷದಿಂದ ಹದಿನೆಂಟರ ತಂಗಿಯಾಗಿ ಜಿಲ್ಲೆಯ ಎಲ್ಲ ಅಣ್ಣಂದಿರ ಕಾಲಿಗೂ ಬಿದ್ದವಳು.

ನಾನು ಹಟ ಮಾಡಿ ಅವಳನ್ನೇ ಒಪ್ಪಿಸಿದೆ. ಲೇಡಿ ವಿಲನ್ನು ಬಂದು ಪಾಲು ಕೇಳಿದರೆ ಜನ ಅವಳಿಗೇ ಬಯ್ಯುತ್ತಾರೆ. ನನಗೆ ಬೇಕಿದ್ದದ್ದು ಜನ ಮೆಚ್ಚುವ ತಂಗಿಯ ಬಾಯಲ್ಲಿ ಆ ಮಾತು. ಯಾಕೆ ಬೇಕಿತ್ತು ಅನ್ನುವುದನ್ನು ಹೇಳದೆ ಮುಂದೆ ಹೋದರೆ ನಾನು ಇಲ್ಲೂ ನಾಟಕ ಆಡಿದಂತಾಗುತ್ತದೆ.

ನನಗೆ ಒಬ್ಬಳೇ ತಂಗಿ. ಹೊಂಗಡಹಳ್ಳದ ಕಡೆ ಕೊಟ್ಟಿದ್ದೇವೆ. ಅಪ್ಪ ತೀರಿಕೊಂಡಾಗ ನಮಗಿದ್ದದ್ದು ಆರು ಎಕರೆ ತೋಟ, ರೋಬಸ್ಟಾ ಕಾಫಿ, ನಡುವೆ ಮೆಣಸಿನ ಬಳ್ಳಿ. ವರ್ಷದ ತಿಥಿ ಮುಗಿದ ಮೇಲೆ ಒಂದು ದಿನ ನಾನು ಜೀಪು ಮಾಡಿಕೊಂಡು ಹೋಗಿ ಅವಳನ್ನು ಕರೆತಂದೆ. ದಾರಿಯಲ್ಲಿ ಹೇಳಿಕೊಟ್ಟೆ: "ಆಫೀಸಲ್ಲಿ ಕೇಳ್ತಾರೆ. ನನ್ ಸ್ವಂತ ಇಷ್ಟದಿಂದ ಬಿಡ್ತಿದೀನಿ, ಯಾರ ಬಲವಂತನೂ ಇಲ್ಲ ಅನ್ನು. ಅಷ್ಟು ಅಂದ್ರೆ ಸಾಕು." ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವಳು ಅಷ್ಟೇ ಹೇಳಿದಳು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಹೆಬ್ಬೆಟ್ಟೊತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ನಾನು ಒಂದು ಹಸಿರು ಸೀರೆ ಕೊಡಿಸಿದೆ, ಹೋಟೆಲಿನಲ್ಲಿ ಊಟ ಕೊಡಿಸಿದೆ, ಮತ್ತೆ ಮನೆಗೆ ಬಿಟ್ಟು ಬಂದೆ. ನಮ್ಮ ಕಡೆ ಎಲ್ಲ ಅಣ್ಣಂದಿರೂ ಮಾಡುವುದು ಇದನ್ನೇ. ಎಲ್ಲರೂ ಮಾಡುವುದನ್ನು ನಾನೂ ಮಾಡಿದೆ ಅನ್ನುವುದು ಬಹಳ ವರ್ಷ ನನಗೆ ಸಮಾಧಾನವಾಗಿತ್ತು.

ಆಮೇಲೆ ಅವಳ ಗಂಡ ಮಹಡಿ ಕಟ್ಟುವ ಕೆಲಸಕ್ಕೆ ಹೋಗಿ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಅವಳು ಪಕ್ಕದ ಎಸ್ಟೇಟಿನಲ್ಲಿ ಕಾಫಿ ಕೊಯ್ಯಲು ಹೋಗುತ್ತಾಳೆ ಎಂದು ಯಾರೋ ಹೇಳಿದರು. ನಮ್ಮಪ್ಪನ ಮಗಳು ಇನ್ನೊಬ್ಬರ ತೋಟದಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ನಿಂತಿರುವುದು ಕಣ್ಣ ಮುಂದೆ ಬಂತು. ಬಂದದ್ದು ಹೋಗಲಿಲ್ಲ. ಹೀಗೆ ಎದೆಯಲ್ಲಿ ಚುಚ್ಚುವಾಗ ನೆಟ್ಟಗಿರುವ ಮನುಷ್ಯ ತಾಲ್ಲೂಕು ಕಚೇರಿಗೆ ಹೋಗುತ್ತಾನೆ. ನಾನು ನಾಟಕ ಬರೆಯಲು ಕುಳಿತೆ.

ನನ್ನ ಲೆಕ್ಕಾಚಾರ ಹೀಗಿತ್ತು. ವೇದಿಕೆಯ ಮೇಲೆ ತಂಗಿ ಬಂದು ಪಾಲು ಕೇಳಬೇಕು. ಅಣ್ಣ ಕಣ್ಣು ತೆರೆದು ಕೊಡಬೇಕು. ನನ್ನ ತಂಗಿ ಮುಂದಿನ ಸಾಲಿನಲ್ಲಿ ಕೂತು ನೋಡಬೇಕು. ನೋಡಿದ ಮೇಲೆ ಅವಳಿಗೆ ನನ್ನ ಮನಸ್ಸು ಅರ್ಥವಾಗುತ್ತದೆ, ಊರಿನೆದುರು ಆಡಿದ ಮಾತನ್ನು ನಾನೂ ಮೀರಲಾರೆ, ಮರುವಾರವೇ ದಾನಪತ್ರ ಮಾಡಿಸಿಬಿಡುವುದು. ನನ್ನ ಮೇಲೆ ನನಗೇ ನಂಬಿಕೆ ಇಲ್ಲದ್ದರಿಂದ ಇಷ್ಟೆಲ್ಲ ಸುತ್ತು ಬಳಸು. ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತ ಕೇಳಿದಳು: "ಇದು ನಾಟ್ಕ ತಾನೇ?" ಹೌದು ಎಂದೆ. "ಹಂಗಾದ್ರೆ ಚೆನ್ನಾಗೈತೆ."

ಅಣ್ಣನ ಪಾತ್ರ ನನ್ನದೇ. ತಂಗಿಗೆ ಇದ್ದದ್ದು ಒಂದು ಸಾಲು: "ಅಣ್ಣಾ, ಅಪ್ಪನ ಮಗಳಾಗಿ ಕೇಳ್ತಿದ್ದೀನಿ, ನನ್ನ ಪಾಲು ನನಗೆ ಕೊಡು." ಅದಕ್ಕೆ ಅಣ್ಣನ ಉತ್ತರ ನಾಲ್ಕು ಪುಟ. ಬರೆಯುವಾಗ ನನಗೆ ಇದರಲ್ಲಿ ವಿಚಿತ್ರ ಏನೂ ಕಂಡಿರಲಿಲ್ಲ. ನಾಟಕದ ಅಣ್ಣ ಆರು ಎಕರೆಯಲ್ಲಿ ತಂಗಿಗೆ ಬಿಟ್ಟುಕೊಡುವುದು ಎರಡು ಎಕರೆ. ಇಬ್ಬರೇ ಮಕ್ಕಳಿರುವ ಮನೆಯಲ್ಲಿ ಆರರ ಅರ್ಧ ಎರಡಾದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ, ನಾನಂತೂ ಕೇಳಿಕೊಳ್ಳಲೇ ಇಲ್ಲ.

ಪುಸ್ತಕ ಹಿಡಿದುಕೊಂಡು ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಹೋದೆ. ನಮ್ಮಲ್ಲಿ ಅವರೇ ನಿರ್ದೇಶಕರು, ಅವರೇ ಸಂಗೀತ, ಪರದೆಯ ಪಕ್ಕದಲ್ಲಿ ಕೂತು ಮರೆತ ಮಾತು ಹೇಳಿಕೊಡುವವರೂ ಅವರೇ. ವಯಸ್ಸು ಎಪ್ಪತ್ತು ದಾಟಿದೆ, ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ. ಪೂರ್ತಿ ಓದಿ ಕನ್ನಡಕ ತೆಗೆದಿಟ್ಟರು.

"ಗೌಡ್ರೇ, ಇದ್ರಲ್ಲಿ ವಿಲನ್ ಎಲ್ಲವ್ನೆ?"

"ವಿಲನ್ ಇಲ್ಲ ಮೇಷ್ಟ್ರೇ. ಜೀವನ್ದಲ್ಲಿ ಹಂಗೆಲ್ಲ ಕರಿ ಕನ್ನಡಕ ಹಾಕ್ಕೊಂಡು ಯಾರು ಬರ್ತಾರೆ? ಇದು ಬೇರೆ ಥರ."

"ಜೀವನ್ದಲ್ಲಿ ಬರಲ್ಲ, ಅದಕ್ಕೇ ಕಣ್ರೀ ನಾಟ್ಕುಕ್ಕೆ ಬೇಕು. ನಮ್ ಜನ ಹೆಂಗೆ ನಾಟ್ಕ ನೋಡ್ತಾರೆ ಹೇಳಿ? ಅರ್ಧ ನೋಡಿ ಎದ್ದು ಹೋಗಿ ಹಸ ಕಟ್ ಹಾಕ್ಬುಟ್ಟು ಬರ್ತಾರೆ. ಬಂದೋರು ಒಂದ್ ಸಲ ವೇದಿಕೆ ಕಡೆ ನೋಡುದ್ರೆ ಯಾರು ಒಳ್ಳೆಯೋನು ಯಾರು ಕೆಟ್ಟೋನು ಗೊತ್ತಾಗ್ಬೇಕು. ಕನ್ನಡಕ ಕಂಡ್ರೆ ಬಯ್ಯಕೆ ಶುರು ಮಾಡ್ತಾರೆ, ತಂಗಿ ಕಂಡ್ರೆ ಸೆರಗು ಕಣ್ಣಿಗೆ ಹಚ್ತಾರೆ, ಜೋಕರ್ ಕಂಡ್ರೆ ಅವ್ನು ಬಾಯಿ ತೆರೆಯೋ ಮುಂಚೆನೇ ನಗ್ತಾರೆ. ಅರ್ಧ ನಾಟ್ಕ ಅವ್ರೇ ಆಡ್ಬುಡ್ತಾರೆ. ನಾವು ಇನ್ನರ್ಧ ಆಡುದ್ರೆ ಸಾಕು."

ಮೂವತ್ತು ವರ್ಷದ ಅನುಭವ ಅವರದು. ಅವರ ಲೆಕ್ಕದಲ್ಲಿ ಕಥೆಯನ್ನು ಬರೆಯುವುದೇ ಬೇಡ. ಒಬ್ಬ ಗೌಡ, ಒಬ್ಬ ತಮ್ಮ, ಒಬ್ಬ ತಂಗಿ, ಒಬ್ಬ ಸಾವ್ಕಾರ, ಒಂದು ಹಾಸ್ಯದ ಜೋಡಿ, ಕೊನೆಗೊಬ್ಬ ಇನ್ಸ್‌ಪೆಕ್ಟರ್, ಇಷ್ಟು ಜನರನ್ನು ಒಂದು ಮನೆಯೊಳಗೆ ಬಿಟ್ಟರೆ ಕಥೆಯನ್ನು ಅವರೇ ನಡೆಸಿಕೊಂಡು ಹೋಗುತ್ತಾರೆ. ಸಾವ್ಕಾರ ಇದ್ದಾನೆ ಅಂದರೆ ಪತ್ರ ಹುಟ್ಟಿತು. ತಂಗಿ ಇದ್ದಾಳೆ ಅಂದರೆ ಸಹಿ ಬಿತ್ತು. ಇನ್ಸ್‌ಪೆಕ್ಟರ್ ಇದ್ದಾನೆ ಅಂದರೆ ಪರದೆ ಇಳಿಸುವ ಹೊತ್ತಾಯಿತು. ಆ ಇನ್ಸ್‌ಪೆಕ್ಟರ್ ಮೊದಲೇ ಯಾಕೆ ಬರಲಿಲ್ಲ ಅಂತ ನಮ್ಮಲ್ಲಿ ಯಾರೂ ಕೇಳಿದವರಿಲ್ಲ.

"ಅದಿರ್ಲಿ, ವಿಲನ್ ಇಲ್ಲ ಅಂದ್ರೆ ತಂಗಿ ಪಾಲು ಹೋಗಿದ್ದು ಯಾರಿಂದ?" ಎಂದು ಮೇಷ್ಟ್ರು ಕೇಳಿದರು.

ನಾನು ಅವರ ಹಾರ್ಮೋನಿಯಂ ಪೆಟ್ಟಿಗೆಯನ್ನು ನೋಡುತ್ತ ಕೂತೆ.

"ನೋಡುದ್ರಾ? ನಿಮ್ಗೇ ಗೊತ್ತಿಲ್ಲ. ಒಬ್ಬ ಸಾವ್ಕಾರನ್ನ ಬರೀರಿ. ಅವ್ನು ಅಣ್ಣನ್ ತಲೆ ಕೆಡ್ಸಿ ತಂಗಿ ಕೈಲಿ ಸಹಿ ಹಾಕುಸ್ಲಿ. ಅಣ್ಣನ್ ಮರ್ಯಾದೆನೂ ಉಳೀತದೆ."

ಮೂರೇ ದಿನದಲ್ಲಿ ಸಾವ್ಕಾರ ತಯಾರಾದ. ಇಡೀ ನಾಟಕದಲ್ಲಿ ಸಲೀಸಾಗಿ ಬರೆದದ್ದು ಅವನೊಬ್ಬನನ್ನೇ. ನಾನು ಮಾಡಿದ್ದನ್ನೆಲ್ಲ ಅವನ ಹೆಗಲಿಗೆ ಹಾಕಿದೆ: ಜೀಪು ತಂದದ್ದು ಅವನು, ಮಾತು ಹೇಳಿಕೊಟ್ಟದ್ದು ಅವನು, ಹೋಟೆಲಿನಲ್ಲಿ ಊಟ ಕೊಡಿಸಿದ್ದೂ ಅವನೇ. ಬರೆದು ಮುಗಿಸಿದಾಗ ಮೈ ಹಗುರಾಯಿತು. ಆ ಪಾತ್ರವನ್ನು ನಮ್ಮೂರ ಎಸ್ಟೇಟಿನ ಸ್ಟೋರ್ ನೋಡಿಕೊಳ್ಳುವ ನಮ್ಮ ಗೆಳೆಯನಿಗೆ ಕೊಟ್ಟೆವು. ಪಾಪ, ಇರುವೆಗೆ ದಾರಿ ಬಿಟ್ಟು ನಡೆಯುವ ಮನುಷ್ಯ. ದಪ್ಪ ಹುಬ್ಬು ಮಾತ್ರ ದೇವರು ಕೊಟ್ಟದ್ದು, ಅದೊಂದೇ ಕಾರಣಕ್ಕೆ ಹದಿನೈದು ವರ್ಷದಿಂದ ಅವನೇ ಸಾವ್ಕಾರ.

ತಾಲೀಮಿನಲ್ಲಿ ತಂಗಿ ಇರಲಿಲ್ಲವಲ್ಲ, ಅವಳ ಸಾಲನ್ನು ಮೇಷ್ಟ್ರೇ ಎಲೆ ಅಡಿಕೆ ತುಂಬಿದ ಬಾಯಲ್ಲಿ ಹೇಳುತ್ತಿದ್ದರು. ಎರಡು ತಿಂಗಳ ಕಾಲ ನಾನು ದಿನಾ ಸಂಜೆ ಆ ಮುದುಕನಿಗೆ ಎರಡು ಎಕರೆ ಕೊಟ್ಟೆ. ಕೊಡುತ್ತ ಕೊಡುತ್ತ ನನ್ನ ದನಿ ಎಷ್ಟು ಚೆನ್ನಾಗಿ ನಡುಗುವುದನ್ನು ಕಲಿತಿತ್ತೆಂದರೆ, ಕೆಲವು ದಿನ ನಿಜವಾಗಿ ಕೊಟ್ಟು ಬಂದವನ ನೆಮ್ಮದಿಯಲ್ಲಿ ಮನೆಗೆ ಹೋಗಿ ಉಣ್ಣುತ್ತಿದ್ದೆ.

ನಮ್ಮೂರಲ್ಲಿ ಈಗ ನಾಟಕ ನಡೆಯುವುದು ಹಗಲಿನಲ್ಲಿ. ಆನೆಗಳ ದೆಸೆಯಿಂದ ಆದ ಬದಲಾವಣೆ ಇದು. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಯಾರು ಎದುರಾಗುತ್ತಾರೋ ಹೇಳಲಾಗುವುದಿಲ್ಲ. ಅದಕ್ಕೇ ಕಾಫಿ ಕೊಯ್ಲು ಮುಗಿದು, ಎಸ್ಟೇಟಿನ ಒಣಗಿಸುವ ಕಣ ಖಾಲಿಯಾದ ಮೇಲೆ, ಕಾಫಿ ಗಿಡ ಅರಳಿಸುವ ಹೂಮಳೆ ಬರುವ ಮೊದಲು ಒಂದು ಭಾನುವಾರ ಆ ಸಿಮೆಂಟಿನ ಕಣದ ತುದಿಯಲ್ಲಿ ವೇದಿಕೆ ಕಟ್ಟಿ, ಹನ್ನೆರಡಕ್ಕೆ ಶುರು ಮಾಡಿ ನಾಲ್ಕೂವರೆಗೆ ಮುಗಿಸುತ್ತೇವೆ. ಆನೆಗಳು ಎಲ್ಲಿವೆ ಎಂದು ಬೆಳಗ್ಗೆ ಅರಣ್ಯ ಇಲಾಖೆಯಿಂದ ಫೋನಿಗೆ ಬರುವ ಸಂದೇಶ ನೋಡಿಕೊಂಡೇ ಮೈಕ್ ಕಟ್ಟುವುದು. ಬಿಸಿಲಿಗೆ ಮೀಸೆಯ ಅಂಟು ಬಿಡುತ್ತದೆ, ಮುಖದ ಬಣ್ಣ ಕುತ್ತಿಗೆಗೆ ಇಳಿಯುತ್ತದೆ. ಇದೆಲ್ಲ ಸಹಿಸಬಹುದು. ಕಷ್ಟ ಇರುವುದು ಇನ್ನೊಂದರಲ್ಲಿ. ರಾತ್ರಿ ನಾಟಕದಲ್ಲಿ ದೀಪ ನಮ್ಮ ಕಣ್ಣಿಗೆ ಹೊಡೆಯುತ್ತಿತ್ತು, ಎದುರಿಗೆ ಬರೀ ಕಪ್ಪು. ಹಗಲು ನಾಟಕದಲ್ಲಿ ಜನ ನಮ್ಮನ್ನು ನೋಡುವಷ್ಟೇ ಚೆನ್ನಾಗಿ ನಾವು ಜನರನ್ನು ನೋಡುತ್ತೇವೆ.

ಆ ಭಾನುವಾರ ತಂಗಿ ಬಾಡಿಗೆ ಜೀಪಿನಲ್ಲಿ ಬಂದಳು, ಜೊತೆಗೆ ಅವರೂರಿನ ನಾಲ್ಕು ಹೆಂಗಸರು. ಕಥೆ ಏನು ಅಂತ ನಾನು ಅವಳಿಗೆ ಹೇಳಿರಲಿಲ್ಲ. ಮೊದಲ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ನಾನೇ ಕೂರಿಸಿ, ಕುಡಿಯಲು ಮಜ್ಜಿಗೆ ಕೊಡಿಸಿದೆ. ಅವಳ ಕೈ ಒರಟಾಗಿತ್ತು, ಬೆರಳ ಸಂದಿಯಲ್ಲಿ ಕಾಫಿ ಹಣ್ಣಿನ ಕಪ್ಪು ಕಲೆ ಇನ್ನೂ ಹೋಗಿರಲಿಲ್ಲ. "ನೀನೇ ಬರ್ದಿದ್ದಂತಲ್ಲಣ್ಣಯ್ಯ" ಎಂದಳು. ಅವಳ ಮುಖದಲ್ಲಿ ಹೆಮ್ಮೆ ಇತ್ತು. ನಾನು ಮಜ್ಜಿಗೆಯ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದೆ.

ಬಣ್ಣದ ಮನೆ ಎಂದು ನಾವು ಕರೆಯುವ ಸ್ಟೋರಿನ ಹಿಂಭಾಗದಲ್ಲಿ ಕಲಾವಿದೆ ಎರಡು ಜಡೆ ಹಾಕಿಕೊಂಡು ಕೂತಿದ್ದಳು. ಅವಳ ಸಾಲನ್ನು ಮೂರು ಸಲ ಹೇಳಿಸಿದೆ. ಮೂರು ಸಲವೂ ಸರಿಯಾಗಿ ಹೇಳಿದಳು. ಹೇಳಿದ ರೀತಿಗೆ ನನಗೇ ಒಂದು ಕ್ಷಣ ಭಯವಾಯಿತು.

"ಸಾರ್, ಇದನ್ನ ಹೇಳ್ದಾಗ ಜನ ಏನ್ ಮಾಡ್ತಾರೆ?" ಎಂದು ಕೇಳಿದಳು.

"ಏನ್ ಮಾಡ್ತಾರೋ ನೋಡೋಣ ಅಂತಾನೇ ಬರೆದಿರೋದು."

"ಅಳೋ ತಂಗಿ ಆದ್ರೆ ಎಲ್ಲಿ ಅಳ್ತಾರೆ ಅಂತ ಗೊತ್ತಿರುತ್ತೆ ಸಾರ್. ಅಲ್ಲಿ ನಿಲ್ಲಿಸ್ತೀನಿ. ಇದ್ರಲ್ಲಿ ಎಲ್ಲಿ ನಿಲ್ಲಿಸ್ಲಿ?"

ನಿಲ್ಲಿಸಬೇಡ, ಹೇಳಿಬಿಡು ಎಂದೆ.

ಮೊದಲೆರಡು ಅಂಕ ಮೇಷ್ಟ್ರು ಹೇಳಿದಂತೆಯೇ ನಡೆಯಿತು. ಜೋಕರ್ ಕಾಲಿಟ್ಟ ಕೂಡಲೇ ನಕ್ಕರು. ಸಾವ್ಕಾರ ಕರಿ ಕನ್ನಡಕದಲ್ಲಿ ಬಂದು ತಂಗಿಗೆ "ನನ್ನ ಸ್ವಂತ ಇಷ್ಟದಿಂದ ಅಂತ ಹೇಳು" ಎಂದು ಪಾಠ ಮಾಡುವಾಗ, ಎಸ್ಟೇಟಿನ ಕೂಲಿಯವರು ಇರುವ ಲೈನ್ ಮನೆಯ ಒಬ್ಬ ಅಜ್ಜಿ ಎದ್ದು ನಿಂತು, "ನಿನ್ ಕೈಗೆ ಹುಳ ಬೀಳ! ನಿಂಗೂ ತಂಗಿ ಇಲ್ವೇನೋ?" ಎಂದು ಕೂಗಿದಳು. ಸ್ಟೋರಿನ ಗೆಳೆಯ ಬೆವರುತ್ತ ನಿಂತ. ಪರದೆಯ ಮರೆಯಲ್ಲಿ ನಿಂತಿದ್ದ ನನಗೆ ಆ ಬೈಗುಳ ಸರಿಯಾದ ವಿಳಾಸಕ್ಕೆ ಬಂತು. ಆದರೂ ಜನರೆಲ್ಲ ಅವನನ್ನೇ ನೋಡುತ್ತಿದ್ದರಲ್ಲ, ನಾನು ಮೀಸೆ ಅಂಟಿಸಿಕೊಳ್ಳುತ್ತ ನೆಮ್ಮದಿಯಾಗಿಯೇ ಇದ್ದೆ.

ಮೂರನೆಯ ಅಂಕ. ಅಣ್ಣ ಜಗಲಿಯ ಮೇಲೆ ಕೂತಿದ್ದಾನೆ. ತಂಗಿ ಬರುತ್ತಾಳೆ. ಬಂದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ತಲೆ ಎತ್ತಿ ಆ ಸಾಲು ಹೇಳಬೇಕು.

ಕಲಾವಿದೆ ಬಂದಳು. ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. ತಲೆಯನ್ನೂ ಎತ್ತಿದಳು. "ಅಣ್ಣಾ, ಅಪ್ಪನ ಮಗಳಾಗಿ..." ಎಂದು ಶುರು ಮಾಡಿ ನಿಂತುಬಿಟ್ಟಳು. ಕಣದಲ್ಲಿ ಕೂತ ಹೆಂಗಸರು ಆಗಲೇ ಸೆರಗನ್ನು ಕಣ್ಣಿಗೆ ಹಚ್ಚಿದ್ದರು. ಅವಳ ಕಣ್ಣು ಅಲ್ಲಿಗೆ ಹೋದದ್ದನ್ನು ನಾನು ನೋಡಿದೆ. ಮೇಷ್ಟ್ರು ಪಕ್ಕದಿಂದ "ನನ್ನ ಪಾಲು, ನನ್ನ ಪಾಲು" ಎಂದು ಪಿಸುಗುಟ್ಟಿದರು. ಅದು ಮೈಕಿನಲ್ಲೂ ಅರ್ಧಂಬರ್ಧ ಕೇಳಿತು. ಅವಳು ಓಡಿಬಂದು ದೊಪ್ಪನೆ ನನ್ನ ಕಾಲ ಮೇಲೆ ಬಿದ್ದಳು.

"ಅಣ್ಣಾ! ಈ ತಂಗಿಗೆ ಆಸ್ತಿ ಯಾಕಣ್ಣಾ? ತವರಿನ ಹೊಸಿಲು ತುಳಿಯೋ ಭಾಗ್ಯ, ವರ್ಷಕ್ಕೊಂದು ಸೀರೆ, ಹಿಡಿ ಅರಿಶಿನ ಕುಂಕುಮ ಇಷ್ಟು ಸಾಕಣ್ಣಾ! ನೀನು ನಗ್ತಾ ಇದ್ರೆ ಅದೇ ನನ್ನ ಆಸ್ತಿ!"

ಯಾವ ನಾಟಕದ ಮಾತೋ ಗೊತ್ತಿಲ್ಲ. ಎಲ್ಲ ನಾಟಕದ ಮಾತೂ ಹೌದು. ಮೇಷ್ಟ್ರು ಒಂದು ಗಳಿಗೆಯೂ ತಡಮಾಡದೆ ಹಾರ್ಮೋನಿಯಂ ಮೇಲೆ ಶೋಕದ ರಾಗ ಎಳೆದರು. ಇಡೀ ಕಣ ಅಳುತ್ತಿತ್ತು.

ಆಗಲೂ ನಾನು ಒಂದು ಮಾತಿನಲ್ಲಿ ಸರಿಮಾಡಬಹುದಿತ್ತು. "ಇಲ್ಲ ತಂಗಿ, ಇದು ನಿನ್ನ ಪಾಲು, ನೀನು ಬೇಡ ಅಂದ್ರೂ ನಾನು ಇಟ್ಟುಕೊಳ್ಳೋದು ತಪ್ಪು" ಎಂದರೆ ಆಗುತ್ತಿತ್ತು. ನಾಲ್ಕು ಪುಟ ನನಗೆ ಬಾಯಿಪಾಠ. ಎದುರಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ನನ್ನ ತಂಗಿಯ ಮುಖ ಕಾಣುತ್ತಿತ್ತು. ಅವಳು ಅಳುತ್ತಿರಲಿಲ್ಲ. ಒಲೆಯ ಮೇಲಿಟ್ಟ ಹಾಲನ್ನು ನೋಡುವ ಹಾಗೆ ನನ್ನನ್ನೇ ನೋಡುತ್ತಿದ್ದಳು.

ನಾನು ಬಗ್ಗಿ ಕಲಾವಿದೆಯ ಭುಜ ಹಿಡಿದು ಎಬ್ಬಿಸಿದೆ. "ತಂಗೀ! ನಿನ್ನಂಥ ತಂಗೀನ ಪಡೆಯೋಕೆ ಈ ಅಣ್ಣ ಯಾವ ಜನ್ಮದಲ್ಲಿ ಪುಣ್ಯ ಮಾಡಿದ್ನೋ!" ಎಂದೆ. ಇದು ನಾನು ಬರೆದದ್ದಲ್ಲ. ಹಿಂದೆ ಏಳೆಂಟು ನಾಟಕದಲ್ಲಿ ಅಣ್ಣನಾಗಿ ಹೇಳಿದ್ದು, ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಹೇಳುವಾಗ ನನಗೆ ನಿಜವಾಗಿ ಅಳು ಬಂತು. ಎಷ್ಟು ಸುಲಭವಾಗಿ ಬಂತು ಅನ್ನುವುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಚಪ್ಪಾಳೆ ಬಿತ್ತು, ಸಿಳ್ಳೆ ಬಿತ್ತು. ಒಬ್ಬ ವೇದಿಕೆ ಹತ್ತಿ ಕಲಾವಿದೆಯ ಸೆರಗಿಗೆ ನೋಟು ಪಿನ್ನು ಮಾಡಿ, ಮೈಕಿನಲ್ಲಿ ತನ್ನ ಹೆಸರು ಹೇಳಿಸಿಕೊಂಡು ಇಳಿದ. ಆಮೇಲೆ ಇನ್ಸ್‌ಪೆಕ್ಟರ್ ಬಂದು ಸಾವ್ಕಾರನನ್ನು ಹಿಡಿದುಕೊಂಡು ಹೋದ. ತಪ್ಪು ಮಾಡಿದವನಿಗೆ ಶಿಕ್ಷೆಯೂ ಆಯಿತು, ತೋಟವೂ ಅಣ್ಣನಲ್ಲೇ ಉಳಿಯಿತು.

ಪರದೆ ಬಿದ್ದ ಮೇಲೆ ಕಲಾವಿದೆ ಕೈ ಜೋಡಿಸಿಕೊಂಡು ಬಂದಳು. "ತಪ್ಪಾಯ್ತು ಸಾರ್. ಮಾತು ಮರ್ತೋಯ್ತು. ಮರ್ತಾಗ ಬಾಯಿಗೆ ಬರೋದು ಅದೇ." ನಾನು ಏನನ್ನಲಿ? ನನಗೂ ಅದೇ ಬಂದಿತ್ತು.

ಮೇಷ್ಟ್ರು ಮಾತ್ರ ಬಲು ಖುಷಿಯಲ್ಲಿದ್ದರು. "ನಿಮ್ ನಾಟ್ಕನ ಆವಮ್ಮ ಉಳುಸ್ಬುಟ್ಲು ಕಣ್ರೀ ಗೌಡ್ರೇ" ಎಂದು ಬೆನ್ನು ತಟ್ಟಿದರು.

ಹೊತ್ತು ಇಳಿಯುವುದರೊಳಗೆ ಆನೆ ದಾಟುವ ಜಾಗ ಕಳೆಯಬೇಕು ಎಂದು ಜೀಪಿನವನು ಅವಸರ ಮಾಡುತ್ತಿದ್ದ. ತಂಗಿಯ ಜೊತೆಯವರು ಆಗಲೇ ಹತ್ತಿ ಕೂತಿದ್ದರು. ನಾನು ಮುಖ ಒರೆಸಿಕೊಂಡು ಹೋದೆ, ಒಂದು ಕಡೆಯ ಮೀಸೆ ಇನ್ನೂ ಅಂಟಿಕೊಂಡಿತ್ತು. ಅವಳು ಸ್ವಲ್ಪ ಈಚೆಗೆ ಬಂದಳು.

"ಚೆನ್ನಾಗಿತ್ತು ಕಣಣ್ಣಯ್ಯ" ಎಂದಳು. ಆಮೇಲೆ ಕೇಳಿದಳು: "ಆ ಕರಿ ಕನ್ನಡಕದೋನು ಯಾರು?"

"ಸ್ಟೋರಲ್ಲಿ ಇದಾನಲ್ಲ, ನಮ್ಮೋನೇ."

"ಅದಲ್ಲ. ಅವತ್ತು ಜೀಪಲ್ಲಿ ನಾನೂ ನೀನೂ ಇಬ್ರೇ ಇದ್ವಲ್ಲ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳುವವಳ ದನಿ ಅದು, ಅದಕ್ಕೇ ತಡೆಯಲಾಗಲಿಲ್ಲ.

"ಆವಮ್ಮ ಏನೋ ಹೇಳಕ್ ಹೋಗಿ ನಿಲ್ಸ್ಬುಟ್ಲು. ಮೇಷ್ಟ್ರು ಹೇಳ್ಕೊಡ್ತಿದ್ರು. ಏನ್ ಬರ್ದಿದ್ದೆ ಅಲ್ಲಿ?"

ಹೇಳಿದೆ. ಪೂರ್ತಿ ಸಾಲು ಹೇಳಿದೆ. ನಿನಗೆ ಕೇಳಿಸಲಿ ಅಂತಲೇ ಬರೆದದ್ದು ಎಂದೂ ಹೇಳಿದೆ.

ಅವಳು ನಕ್ಕಳು. "ಇಷ್ಟೇನಾ? ಇದನ್ನ ಹೇಳ್ಸಕೆ ಹಾಸನ್ದಿಂದ ಜನ ಕರುಸ್ಬೇಕಿತ್ತಾ? ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ."

ಹೀಗೆ ಹೇಳಿ, ಕೈಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, ನನ್ನ ಮುಖ ನೋಡಿ ಹೇಳಿದಳು: "ನನ್ ಪಾಲು ನಂಗೆ ಕೊಡು."

ಹಾರ್ಮೋನಿಯಂ ಇಲ್ಲ, ಮೈಕ್ ಇಲ್ಲ. ಕಣದಿಂದ ಕುರ್ಚಿ ಮಡಿಸಿ ಎತ್ತುವ ಸದ್ದು ಬರುತ್ತಿತ್ತು. ನನಗೆ ಹೆಂಡತಿಯ ಮುಖ ನೆನಪಾಯಿತು, ಮೆಣಸು ಈಗ ತಾನೇ ಫಸಲಿಗೆ ಬಂದಿರುವುದು ನೆನಪಾಯಿತು, ಸಾಲಕ್ಕೆಂದು ಬ್ಯಾಂಕಿನಲ್ಲಿಟ್ಟ ತೋಟದ ಪಹಣಿ ನೆನಪಾಯಿತು. ನಾಲ್ಕು ಪುಟದಲ್ಲಿ ಒಂದು ಪದವೂ ನೆನಪಾಗಲಿಲ್ಲ.

"ನೋಡಾಣ" ಎಂದೆ.

ಅವಳು ತಲೆಯಾಡಿಸಿದಳು, ಇದೇ ಉತ್ತರ ಬರುತ್ತದೆ ಎಂದು ಗೊತ್ತಿದ್ದವಳ ಹಾಗೆ. ಜೀಪಿನ ಕಂಬಿ ಹಿಡಿದು ಹತ್ತುತ್ತ ಹೇಳಿದಳು: "ಅಪ್ಪನ್ನೂ ಒಂದ್ಸಲ ಕೇಳಿದ್ದೆ, ನಿಂಗ್ ಗೊತ್ತಿಲ್ಲ. ಮದ್ವೆಗೆ ಮುಂಚೆ. ಅಪ್ಪನೂ ಹಿಂಗೇ ನೋಡಾಣ ಅಂದಿದ್ದ. ನಿಂಗೆ ಅಪ್ಪನ್ ಪಾರ್ಟೇ ಚೆನ್ನಾಗ್ ಒಪ್ತದೆ ಕಣಣ್ಣಯ್ಯ."

ಜೀಪು ಎಸ್ಟೇಟಿನ ಗೇಟು ದಾಟಿ ಹೋಯಿತು. ನಾನು ಅಲ್ಲೇ ನಿಂತಿದ್ದೆ. ಸಾವ್ಕಾರನಿಗೆ ಶಾಪ ಹಾಕಿದ್ದ ಲೈನ್ ಮನೆಯ ಅಜ್ಜಿ ಹುಡುಕಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ಅತ್ತು ಅತ್ತು ಕೆಂಪಾಗಿತ್ತು. "ಅಣ್ಣ ಅಂದ್ರೆ ನಿಮ್ಮಂಗಿರ್ಬೇಕು ಕಣಪ್ಪ" ಎಂದಳು. ನಾನು ಕೈಮುಗಿದೆ.

ಇದಾಗಿ ಒಂದು ವರ್ಷ ಕಳೆದಿದೆ. ಈ ಸಲ ಫಸಲು ಪರವಾಗಿಲ್ಲ. ಆರು ಎಕರೆಯ ಹಣ್ಣನ್ನೂ ನಾನೇ ಕೊಯ್ಯಿಸಿ, ಒಣಗಿಸಿ, ಮನೆ ಖರ್ಚಿಗೆ ಒಂದಿಷ್ಟು ಹುರಿದು ಪುಡಿ ಮಾಡಿಸಿದೆ. ಅದರಲ್ಲಿ ಎರಡು ಕೆಜಿ ತಂಗಿಯ ಮನೆಗೆ ಕಳಿಸಿಕೊಟ್ಟೆ. ಕಾಫಿಪುಡಿ ಬಹಳ ಚೆನ್ನಾಗಿದೆ ಎಂದು ಅವಳು ಫೋನ್ ಮಾಡಿದ್ದಳು.